ಸುತ್ತಿಲ್ಲದ ಮರ

ಕುರ್ಚಿಗೂ ಲಗೇಜು ಬೀಳುತ್ತದೆ ಎಂದು ಕಂಡಕ್ಟರು ಹೇಳಿದಾಗ ಕಾಂತೇಶನಿಗೆ ಒಳಗೊಳಗೇ ಹಾಯೆನಿಸಿತು. ಇವತ್ತು ಅವನು ಎದುರಿಸಬೇಕಾಗಿದ್ದವರಲ್ಲಿ ದುಡ್ಡು ಕೊಟ್ಟು ಮುಗಿಸಬಹುದಾದವನು ಇವನೊಬ್ಬನೇ. ತಿಪಟೂರಿನ ಸ್ಟ್ಯಾಂಡಿನಲ್ಲಿ ಇಬ್ಬರು ಕೈಹಾಕಿ ಹತ್ತಿಸಿದ್ದ ಕುರ್ಚಿ ಈಗ ಅವನ ಮೊಣಕಾಲುಗಳ ನಡುವೆ, ಬೆನ್ನನ್ನು ಕಿಟಕಿಗೆ ಮಾಡಿಕೊಂಡು, ಅವನಿಗಿಂತ ನೆಟ್ಟಗೆ ನಿಂತಿತ್ತು. ಕಪ್ಪಗೆ, ಮಿರಿಮಿರಿ ಹೊಳೆಯುತ್ತ, ಅಗಲ ಕೈಗಳ ಹಳೆಯ ಕುರ್ಚಿ. ಬೀಟೆ ಇದ್ದಂಗೈತೆ ಎಂದ ಕಂಡಕ್ಟರು ಟಿಕೆಟ್ಟು ಹರಿಯುತ್ತ. ಹೌದು ಬೀಟೆಯೇ ಎಂದ ಕಾಂತೇಶ. ಎಷ್ಟು ಕೊಟ್ರಿ ಎಂದು ಹಿಂದಿನ ಸೀಟಿನವರು ಕೇಳಿದರು. ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ಅವನ ಮುಖ ಬಿಸಿಯಾಯಿತು, ಯಾಕೆಂದರೆ ಅಂಥದೇ ಒಂದು ಪ್ರಶ್ನೆಯನ್ನು ಹೊತ್ತುಕೊಂಡೇ ಅವನು ಬಿಳಿಗೆರೆಗೆ ಹೊರಟಿದ್ದ. ಹೊರಗೆ ತೆಂಗಿನ ತೋಟಗಳು ಸಾಲುಸಾಲಾಗಿ ಹಿಂದಕ್ಕೆ ಹೋಗುತ್ತಿದ್ದವು. ಅವನು ನೋಡಲಿಲ್ಲ. ಆ ಸೀಮೆಯಲ್ಲಿ ಹುಟ್ಟಿದವರು ಯಾರೂ ನೋಡುವುದಿಲ್ಲ. ಅವನು ಮೊದಲ ಮಾತನ್ನು ಕಟ್ಟುತ್ತಿದ್ದ. 'ಮೇಷ್ಟ್ರೇ, ಚೆನ್ನಾಗಿದೀರಾ?' ಮೂರು ವರ್ಷ ತಿರುಗಿ ನೋಡದೆ ಇದ್ದವನು ಹಾಗೆ ಕೇಳಿದರೆ ಚೆನ್ನಾಗಿದ್ದವರಿಗೂ ಮೈ ಉರಿಯುತ್ತದೆ. 'ಈ ಕಡೆ ಬಂದಿದ್ದೆ, ಹಂಗೇ ನೋಡ್ಕೊಂಡು ಹೋಗಾಣ ಅಂತ.' ಕುರ್ಚಿ ಹೊತ್ತುಕೊಂಡು ಯಾರೂ ಹಂಗೇ ಬರುವುದಿಲ್ಲ. ಮೇಷ್ಟ್ರಿಗೆಂದು ತಂದ ಹಣ್ಣಿನ ಕವರು ಕಾಲಿನ ಹತ್ತಿರ ಸರಿದು ಬಿತ್ತು. ಬಗ್ಗಿ ಎತ್ತಲು ಹೋದರೆ ಕುರ್ಚಿಯ ಕೈ ಹಣೆಗೆ ಬಡಿಯಿತು. ಸರಿಯಾಗಿ ಬಿತ್ತು ಎಂದುಕೊಂಡ.

ಕುರ್ಚಿ ಸಿಕ್ಕಿದ್ದು ತುರುವೇಕೆರೆಯ ಒಂದು ಗುಜರಿಯಲ್ಲಿ. ಕನ್ನಡಕದ ಅಂಗಡಿಗೆ ಬರುವವರು ಕೂರಲು ಎರಡು ಪ್ಲಾಸ್ಟಿಕ್ ಸ್ಟೂಲು ತಾ ಎಂದು ಹೆಂಡತಿ ವನಜಾಕ್ಷಿ ಕಳಿಸಿದ್ದಳು. ಅವನು ಇದನ್ನು ತಂದ. ಅವಳು ಒಂದು ಸುತ್ತು ಬಂದು, ಕೂತು ನೋಡಿ, 'ಇದ್ರಾಗೆ ಕೂತೋರು ಕನ್ನಡಕ ತಗಳಲ್ಲ ಕಣ್ರೀ, ನ್ಯಾಯ ಹೇಳ್ತಾರೆ' ಎಂದು ನಕ್ಕಳು. ಅವಳ ತಮ್ಮ ಚಿರಂಜೀವಿ ಮಾತ್ರ ನಗಲಿಲ್ಲ. ಅವನ ಪರಿಚಯದ ಒಬ್ಬರು ಹೋಂಸ್ಟೇ ಕಟ್ಟಿಸುತ್ತಿದ್ದರು. ಬೀಟೆ ಅಂತ ಬಲ್ಲವರೊಬ್ಬರು ಒಂದು ಮಾತು ಹೇಳಿದರೆ ಸಾಕು, ಕೇಳಿದಷ್ಟು ಕೊಟ್ಟು ಎತ್ತಿಕೊಂಡು ಹೋಗುತ್ತಾರಂತೆ, ಭಾನುವಾರ ಬರುತ್ತಾರಂತೆ. ಬಲ್ಲವರಿಗಾಗಿ ಕಾಂತೇಶ ಫೋನಿನಲ್ಲಿ ಹುಡುಕಿ, ಹಳೆಯ ಮರದ ಸಾಮಾನಿನ ಹುಚ್ಚಿರುವವರ ಒಂದು ವಾಟ್ಸಾಪ್ ಗುಂಪಿಗೆ ಸೇರಿದ. ಸೇರಿದ ಎರಡನೇ ನಿಮಿಷಕ್ಕೆ ಒಂದು ಫೋಟೋ ಹಾಕಿ ಕೆಳಗೆ 'ಬೀಟೆ. ತಿಪಟೂರಿನಲ್ಲಿದೆ. ಎಷ್ಟು ಬರಬಹುದು?' ಎಂದು ಬರೆದ. ಅರ್ಧ ದಿನ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ಮೊದಲು ನಮಸ್ಕಾರ ಅನ್ನಿ ಸ್ವಾಮಿ, ಎಂದರು. ಇನ್ನೊಬ್ಬರು, ಧೂಳು ಒರೆಸಿ ಫೋಟೋ ತೆಗೆಯಿರಿ, ಎಂದರು. ಮೂರನೆಯವರು, ತಿಪಟೂರಿನವರು ಅಂತೀರಿ, ಪಕ್ಕದಲ್ಲೇ ಬಿಳಿಗೆರೆ ಮೇಷ್ಟ್ರನ್ನು ಇಟ್ಟುಕೊಂಡು ನಮ್ಮನ್ನು ಕೇಳುತ್ತೀರಲ್ಲ, ಎಂದರು. ಈ ಮೂರನೆಯ ಮಾತಿಗೆ ನಲವತ್ತು ಜನ ಹೆಬ್ಬೆರಳು ಎತ್ತಿದ್ದರು. ಅವರಿಗೆಲ್ಲ ತನ್ನ ವಿಷಯ ಗೊತ್ತಿದೆ ಎಂದು ಕಾಂತೇಶನಿಗೆ ಖಾತ್ರಿಯಾಯಿತು. ಯಾರಿಗೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಗೊತ್ತಿದ್ದದ್ದು ಅವನಿಗೆ, ಮತ್ತು ಮೇಷ್ಟ್ರಿಗೆ. ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತರಾಗಿದ್ದ ದೊಡ್ಡರಂಗಯ್ಯನವರ ಮುಂದೆ ಮೂರು ವರ್ಷದ ಹಿಂದೆ ಅವನು ತನ್ನ ತಾತನ ಬರೆಯುವ ಡೆಸ್ಕಿನ ಫೋಟೋ ಹಿಡಿದು ಕೂತಿದ್ದ. ಅವರು ಒಂದಿಡೀ ಮಧ್ಯಾಹ್ನ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದರು, ಗೆರೆ ಎಳೆದು ತೋರಿಸಿದರು, ಎಷ್ಟಕ್ಕೆ ಹೋದೀತು ಅನ್ನುವುದನ್ನೂ ಮುಜುಗರಪಡುತ್ತಲೇ ಹೇಳಿದರು. ಏನನ್ನೂ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಬಸ್ಸಿನ ತನಕ ಬಂದು, ಬಲಗಡೆ ಹಲಗೆಯ ಅಳತೆ ಲೆಕ್ಕಕ್ಕೆ ಕೂರುತ್ತಿಲ್ಲ, ಅದರ ಹಿಂದೆ ಒಂದು ಕಳ್ಳಖಾನೆ ಇರಬೇಕು, ಕೆಳಗಿನಿಂದ ಒತ್ತಿ ನೋಡು, ಏನಿತ್ತು ಅಂತ ಒಂದು ಮಾತು ಹೇಳು, ಎಂದಿದ್ದರು. ಅಂದು ಸಂಜೆಯೇ ಅವನು ಒತ್ತಿದ. ಖಾನೆ ತೆರೆಯಿತು. ಆ ವಾರವೇ ಡೆಸ್ಕು ಮಾರಿಹೋಯಿತು, ಮೇಷ್ಟ್ರು ಹೇಳಿದ ಬೆಲೆಗೇ. ಖಾನೆಯ ವಿಷಯ ಹೇಳಬೇಕಾದರೆ ಮಾರಿದ್ದನ್ನೂ ಹೇಳಬೇಕು. ಅವರು ಅಷ್ಟು ಆಸೆಯಿಂದ ಮಾತಾಡಿದ್ದನ್ನು ಎಂಟು ದಿನಕ್ಕೆ ಸಾಗಹಾಕಿದೆ ಅನ್ನಬೇಕು. ನಾಳೆ ಹೇಳೋಣ ಎಂದ. ಒಂದು ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಕಾರಣ ಬೇಕಾಯಿತು. ಒಂದು ವರ್ಷವಾದ ಮೇಲೆ ಹೇಳದಿರುವುದೇ ಮರ್ಯಾದೆ ಅನಿಸಿಬಿಟ್ಟಿತು. ಇದೂ ಹೋಗಲಿ. ದೊಡ್ಡಪೇಟೆಯ ಅವನ ಕನ್ನಡಕದ ಅಂಗಡಿಯ ಮುಂದೆ ಮೇಷ್ಟ್ರು ಒಂದು ದಿನ ಬಂದು ನಿಂತಿದ್ದರು. ಬೋರ್ಡನ್ನು ಓದಿದರು. ಅವರ ಕನ್ನಡಕದ ಒಂದು ಕಡ್ಡಿಯನ್ನು ಬಿಳಿ ದಾರದಲ್ಲಿ ಕಟ್ಟಿತ್ತು. ಕಾಂತೇಶ ಒಳಗಿನ ಕೋಣೆಗೆ ಹೋಗಿ, ಇಲ್ಲದ ಲೆನ್ಸೊಂದನ್ನು ಹುಡುಕುತ್ತ, ಅವರು ಹೋಗುವ ತನಕ ನಿಂತಿದ್ದ.

ಬಿಟ್ಟಿ ಕೇಳುವವರ ರೀತಿ ಅವನಿಗೆ ಗೊತ್ತಿಲ್ಲದ್ದಲ್ಲ. ದಿನಕ್ಕೆ ಹತ್ತು ಜನ ಬಂದು, ಒಂದು ಸ್ಕ್ರೂ ತಾನೇ, ಎಂದು ಕನ್ನಡಕ ಮುಂದಿಡುತ್ತಾರೆ. ಅವನು ಬಿಗಿಮಾಡುತ್ತಾನೆ. ಅವರು ಹಾಕಿಕೊಂಡು, ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಮೆಟ್ಟಿಲಿಳಿಯುತ್ತಾರೆ. ಹಾಲ್ಕುರಿಕೆಯ ನಿಂಗಮ್ಮ ಅನ್ನುವ ಮುದುಕಿ ಒಬ್ಬಳು ಮಾತ್ರ ರಸ್ತೆಯ ಆ ಬದಿಗೆ ಹೋದವಳು ತಿರುಗಿ ಬಂದು, 'ಆ ಬಸ್ಸಿನ ಬೋರ್ಡು ಕಾಣ್ತದೆ ಕಣಪ್ಪ' ಎಂದು ಹೇಳಿ ಹೋಗುತ್ತಾಳೆ. ಅಷ್ಟಕ್ಕೆ ಅವನಿಗೆ ಸಂಜೆಯ ತನಕ ಶಿಳ್ಳೆ ಹಾಕುವಷ್ಟು ಖುಷಿ. ಆ ಒಂದು ಮಾತು ಎಷ್ಟು ಸಲೀಸು, ಎಷ್ಟು ಹಗುರ. ತಾನು ಅದನ್ನೇ ಮೂರು ವರ್ಷ ಬಚ್ಚಿಟ್ಟುಕೊಂಡೆನಲ್ಲ ಎಂದು ಯೋಚಿಸುವಷ್ಟರಲ್ಲಿ ಬಿಳಿಗೆರೆ ಬಂತು, ಕಂಡಕ್ಟರು ಕುರ್ಚಿಯನ್ನು ಇಳಿಸಿ ಕೊಟ್ಟ, ಬಸ್ಸು ಹೋಯಿತು.

ಮೇಷ್ಟ್ರ ಮನೆ ರಸ್ತೆಯಿಂದ ಒಳಗೆ, ತೋಟದ ನಡುವೆ. ಕುರ್ಚಿಯನ್ನು ತಲೆಯ ಮೇಲೆ ಬೋರಲಾಗಿ ಹೊತ್ತುಕೊಂಡ. ಅಂಥ ಭಾರದ ಕುರ್ಚಿಯನ್ನು ಅವನು ಕಂಡಿರಲಿಲ್ಲ. ಕತ್ತು ಕುಸಿದು, ನಾಲ್ಕು ಕಾಲುಗಳು ಆಕಾಶಕ್ಕೆ ನಿಂತು, ತೋಟದ ಬದುವಿನ ಮೇಲೆ ಹೀಗೊಂದು ಪ್ರಾಣಿ ನಡೆಯುತ್ತಿದೆ ಎಂದು ತನ್ನನ್ನು ತಾನೇ ದೂರದಿಂದ ನೋಡಿಕೊಂಡು ಅವನಿಗೆ ನಗು ಬಂತು. ಕುರ್ಚಿ ಹೊತ್ತವನಿಗೆ ಒಂದು ಅನುಕೂಲವಿದೆ, ಸುಸ್ತಾದಲ್ಲಿ ಕೂರಬಹುದು. ಇಳಿಸಿ, ದಾರಿಯ ಮಧ್ಯೆ ಹಾಕಿಕೊಂಡು, ಎರಡೂ ಕೈಗಳ ಮೇಲೆ ಕೈಯಿಟ್ಟು ಕೂತ. ಗಾಳಿ ಬೀಸಿತು. ಮೇಲೆ ಗರಿಗಳು ಒಂದಕ್ಕೊಂದು ಉಜ್ಜಿಕೊಂಡು ಮಳೆಯ ಸದ್ದು ಮಾಡಿದವು. ಎದುರಿನಿಂದ ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಹೆಂಗಸು ಇವನನ್ನು ನೋಡಿ ನಿಂತು, ಎಮ್ಮೆಯನ್ನು ಪಕ್ಕಕ್ಕೆ ಸರಿಸಿ, ದೊಡ್ಡ ಮನುಷ್ಯರಿಗೆ ದಾರಿ ಬಿಡುವ ಹಾಗೆ ಬದುವಿನಿಂದ ಇಳಿದು ಹೋದಳು. ಅವನು ಗಂಭೀರವಾಗಿ ತಲೆಯಾಡಿಸಿದ. ಭಯ ಅರ್ಧಕ್ಕರ್ಧ ಕರಗಿತು. ವಾಪಸು ಹೋಗಿಬಿಡಬಹುದು ಎಂದು ಮಾತ್ರ ಇನ್ನೂ ಅನಿಸುತ್ತಿತ್ತು.

ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಮೇಷ್ಟ್ರ ಹೆಂಡತಿ ಗಂಗಕ್ಕ ಮೊದಲು ಕುರ್ಚಿಯ ಕಾಲುಗಳನ್ನು ಕಂಡರು, ಆಮೇಲೆ ಅವನನ್ನು.

'ಡೆಸ್ಕಿನೋನಲ್ವಾ ನೀನು? ಈಗ ಇದನ್ನ ತಂದ್ಯಾ?'

ಹೌದು ಎಂದ. ಹಣ್ಣಿನ ಕವರನ್ನು ಮುಂದೆ ಹಿಡಿದ. ಗಂಗಕ್ಕ ಅದನ್ನು ಇಸಿದುಕೊಂಡು ಗೋಡೆಗೆ ಒರಗಿಸಿಟ್ಟು ಮತ್ತೆ ಅಕ್ಕಿಗೆ ಬಗ್ಗಿದರು. ಬರುವವರು ಬರುತ್ತಲೇ ಇದ್ದಾರೆ ಎಂದರು, ಕಲ್ಲು ಹೆಕ್ಕುತ್ತ, ಯಾರಿಗೂ ಹೇಳದವರ ಹಾಗೆ. ಮಂಚ ತರುತ್ತಾರೆ, ತೊಟ್ಟಿಲು ತರುತ್ತಾರೆ, ಇವರಿಗೆ ಊಟದ ಜ್ಞಾನ ಇರುವುದಿಲ್ಲ, ತಟ್ಟಿ ಮುಟ್ಟಿ ಎಲ್ಲ ಹೇಳುತ್ತಾರೆ. ಕೇಳಿಸಿಕೊಂಡವರು ಎಷ್ಟು ಬರುತ್ತೆ ಅಂತ ಅದೊಂದನ್ನು ಕೇಳಿಕೊಂಡು ಹೋಗುತ್ತಾರೆ. ಹೋದವರು ಹೋದರು. ಆಮೇಲೆ ಆ ತೊಟ್ಟಿಲಲ್ಲಿ ಮಗು ಮಲಗಿತೋ, ಸೌದೆಗೆ ಹೋಯಿತೋ, ಇವರು ಇಲ್ಲಿ ಕೂತು ಯೋಚನೆ ಮಾಡುತ್ತಾರೆ. 'ನಿನ್ನ ಡೆಸ್ಕಿನ ಮಾತೇ ಮೂರು ವರ್ಷ ಕೇಳಿದೀನಿ ನಾನು,' ಎಂದರು. 'ಹಿಂದುಗಡೆ ಅವ್ರೆ, ಹೋಗು.'

ಹಿಂದುಗಡೆ, ಅಟ್ಟದಿಂದ ಇಳಿಸಿದ ಒಣಗಾಯಿಗಳ ರಾಶಿಯ ಮುಂದೆ ಮೇಷ್ಟ್ರು ಕಾಲು ಚಾಚಿ ಕೂತಿದ್ದರು. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಎಡಕ್ಕೆ, ಸುಮ್ಮನಿದ್ದರೆ ಬಲಕ್ಕೆ. ಸುಮ್ಮನಿದ್ದವು ಇನ್ನಷ್ಟು ದಿನ ಅಟ್ಟದಲ್ಲಿರಬೇಕು. ಕನ್ನಡಕದ ಕಡ್ಡಿಗೆ ಅದೇ ಬಿಳಿ ದಾರ, ಈಗ ಕಂದು ಬಣ್ಣಕ್ಕೆ ತಿರುಗಿತ್ತು. ಬಾರಪ್ಪ, ಕೂತ್ಕೊ, ಎಂದರು. ಕುರ್ಚಿಯ ಕಡೆ ಕಣ್ಣು ಹಾಯಿಸಲಿಲ್ಲ. ಹಾಯಿಸದೆ ಇರುವುದಕ್ಕೆ ಅವರು ಪಡುತ್ತಿದ್ದ ಕಷ್ಟ ಕಾಂತೇಶನಿಗೆ ಕಾಣಿಸಿತು. ಹಲ್ಲು ಕಚ್ಚಿ ಹಿಡಿದ ಹಾಗೆ ಕತ್ತನ್ನು ಒಂದೇ ಕಡೆ ಹಿಡಿದಿದ್ದರು. ಕಟ್ಟಿಕೊಂಡು ಬಂದ ಮೊದಲ ಮಾತು ಒಂದೂ ನೆನಪಾಗಲಿಲ್ಲ. ತಾನು ತಂದ ಕುರ್ಚಿಯ ಮೇಲೆ ಕೂರುವುದು ಅಧಿಕಪ್ರಸಂಗ ಎನಿಸಿ ನೆಲಕ್ಕೆ ಕೂತ. ಒಂದು ಕಾಯಿ ಎತ್ತಿ ಅಲ್ಲಾಡಿಸಿದ. ಎಡಕ್ಕೆ ಹಾಕಿದ. ಮೇಷ್ಟ್ರು ಅದನ್ನು ಎತ್ತಿ, ಅಲ್ಲಾಡಿಸಿ, ಬಲಕ್ಕೆ ಹಾಕಿದರು. ಇನ್ನೊಂದನ್ನೂ ಹಾಗೇ ಮಾಡಿದರು. ಹೀಗೇ ನಡೆಯಿತು, ಒಬ್ಬ ತಪ್ಪುವುದು ಒಬ್ಬರು ತಿದ್ದುವುದು. ಹಿಂದೆ ಅವನ ತಾತ ಇದೇ ರೀತಿ ಮಗ್ಗಿ ತಿದ್ದುತ್ತಿದ್ದ. ಡೆಸ್ಕಿನ ಹಿಂದೆ ಕೂತು, ನಗುವೇ ಇಲ್ಲದ ಮುಖದಲ್ಲಿ. ಹುಡುಗರು ಪಡಸಾಲೆಯಲ್ಲಿ ಚೌಕಾಬಾರದ ಮನೆ ಬರೆದರೆ ಎದ್ದು ಬಂದು ಕಾಲಿನಲ್ಲಿ ಅಳಿಸುತ್ತಿದ್ದ. ಆ ತಾತನ ಖಾನೆಯಲ್ಲಿ.

'ಆ ಖಾನೆ ಇತ್ತೇನಪ್ಪ?' ಎಂದರು ಮೇಷ್ಟ್ರು, ಕಾಯಿಯನ್ನು ಕಿವಿಗೆ ಹಿಡಿದೇ.

ಯಾವ ಖಾನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. 'ಇತ್ತು ಮೇಷ್ಟ್ರೇ. ನೀವು ಹೇಳಿದ ಕಡೆನೇ. ಅವತ್ತೇ ಸಿಕ್ತು. ಹೇಳ್ಬೇಕಾಗಿತ್ತು ನಾನು. ಡೆಸ್ಕು ಮಾರ್ಬಿಟ್ಟೆ, ಅದ್ಕೆ ಮುಖ ತೋರ್ಸಕ್ಕಾಗ್ಲಿಲ್ಲ. ನೀವು ಅಂಗ್ಡಿ ಹತ್ರ ಬಂದಾಗ ನಾನು ಒಳಗಿದ್ದೆ.'

'ಗೊತ್ತು,' ಎಂದರು ಮೇಷ್ಟ್ರು. 'ಗಾಜಿನಾಗೆ ನಿನ್ನ ಕಾಲು ಕಾಣ್ತಿತ್ತು.' ಕಾಯಿಯನ್ನು ಕೆಳಗಿಟ್ಟರು. ಮಾರಿದ್ದು ಮಾರಿದೆ, ಸಾಮಾನು ಇರುವುದೇ ಕೈ ಬದಲಾಗುವುದಕ್ಕೆ, ಅದರಲ್ಲೇನು ತಪ್ಪು ಎಂದರು. ಅಂಗಡಿಗೆ ಬಂದದ್ದು ಅದನ್ನು ಕೇಳುವುದಕ್ಕೂ ಅಲ್ಲ, ಸ್ಕ್ರೂಗೂ ಅಲ್ಲ. ಅವರ ದನಿ ತಗ್ಗಿತು, ನಾಚಿಕೆ ಬಂದವರ ಹಾಗೆ. 'ಏನಿತ್ತು ಅದ್ರಾಗೆ?'

ಕಾಂತೇಶ ಜೇಬಿಗೆ ಕೈ ಹಾಕಿದ. ಎಲ್ಲಿಗೆ ಹೋದರೂ ಅವನ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರೂ ಸ್ಕ್ರೂಗಳ ತಗಡಿನ ಡಬ್ಬಿಯೂ ಇರುತ್ತಿದ್ದವು. ಮುಚ್ಚಳ ತೆಗೆದ. ಎಳ್ಳಿನಷ್ಟು ಸಣ್ಣ ಸ್ಕ್ರೂಗಳ ನಡುವೆ ಮೂರು ವರ್ಷದಿಂದ ಅಲ್ಲೇ ಇದ್ದ ನಾಲ್ಕು ಹುಣಸೆ ಬೀಜ. ಒಂದು ಮಗ್ಗುಲು ಕಪ್ಪಗೆ, ಇನ್ನೊಂದನ್ನು ಕಲ್ಲಿಗೆ ತೇದು ಬೆಳ್ಳಗೆ ಮಾಡಿತ್ತು. ಚೌಕಾಬಾರದಲ್ಲಿ ದಾಳದ ಹಾಗೆ ಹಾಕುವ ಬೀಜಗಳು.

ಮೇಷ್ಟ್ರು ಅಂಗೈ ಚಾಚಿದರು. ಬೀಜಗಳನ್ನು ಒಂದು ಸಲ ಆ ಕಡೆ ಒಂದು ಸಲ ಈ ಕಡೆ ಮಗುಚಿದರು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ಬಾಯಿಂದ ನಗು ಹೊರಬಂತು. ಒಳಕ್ಕೆ ತಿರುಗಿ, 'ಇವಳೇ, ಸೋತೆ ಕಣೇ ನಾನು' ಎಂದರು. ಗಂಗಕ್ಕ ಮೊರ ಹಿಡಿದೇ ಬಂದರು. ಮೂರು ವರ್ಷದ ಹಿಂದೆ ಗಂಡ ಹೆಂಡತಿ ಪಂಥ ಕಟ್ಟಿದ್ದರಂತೆ: ಖಾನೆಯೊಳಗೆ ನಶ್ಯದ ಡಬ್ಬಿ ಎಂದು ಮೇಷ್ಟ್ರು, ಆಟದ ಸಾಮಾನು ಎಂದು ಗಂಗಕ್ಕ. ಸೋತವರು ಒಂದು ತಿಂಗಳು ಕಾಫಿ ಕಾಯಿಸಬೇಕು. ಬಿಗಿ ಮುಖದ ಗಂಡಸರು ಬಚ್ಚಿಡುವುದು ಏನನ್ನು ಅಂತ ನನಗೆ ಗೊತ್ತಿಲ್ಲವಾ ಎಂದು ಗಂಗಕ್ಕ ಬೀಜಗಳನ್ನು ಕಸಿದುಕೊಂಡು, ಎರಡು ಕೈಯಲ್ಲಿ ಕುಲುಕಿ, ಸಾರಿಸಿದ ನೆಲದ ಮೇಲೆ ಬಿಟ್ಟರು. ನಾಲ್ಕೂ ಬಿಳಿ.

'ಚೌಕ,' ಎಂದರು ಗಂಗಕ್ಕ. 'ನಾಳೆಯಿಂದ್ಲೇ ಕಾಫಿ.'

ಆ ಬೀಜಗಳು ಇನ್ನು ವಾಪಸು ಬರುವುದಿಲ್ಲ ಎಂದು ಕಾಂತೇಶನಿಗೆ ತಿಳಿಯಿತು. ಹಣ್ಣಿನ ಕವರು ಕೊಟ್ಟಾಗ ಆಗದೆ ಇದ್ದದ್ದು ಈಗ ಆಯಿತು: ತಾನು ಈ ಮನೆಗೆ ಏನೋ ತಂದಿದ್ದೇನೆ ಅನಿಸಿತು. ಬೆನ್ನಿನ ಮೇಲೆ ಕೂತಿದ್ದ ಮೂರು ವರ್ಷ ಇಳಿದು ಹೋಗಿ ಅವನಿಗೆ ಜೋರಾಗಿ ಹಸಿವಾಯಿತು. ಮುದ್ದೆ, ಹುರುಳಿಕಾಳಿನ ಸಾರು. ಉಣ್ಣುತ್ತ ಅವನು ತಾತನ ವಿಷಯ ಹೇಳಿದ, ಕಾಲಲ್ಲಿ ಮನೆ ಅಳಿಸುತ್ತಿದ್ದುದನ್ನು ಹೇಳಿದ. ಆ ಮನುಷ್ಯ ಒಬ್ಬನೇ ಬಾಗಿಲು ಹಾಕಿಕೊಂಡು ಆಡುತ್ತಿದ್ದನೇ, ಎರಡು ಕಡೆಯ ಕಾಯಿಗಳನ್ನೂ ತಾನೇ ನಡೆಸುತ್ತಿದ್ದನೇ, ತನಗೆ ತಾನೇ ಮೋಸ ಮಾಡುತ್ತಿದ್ದನೇ ಎಂದು ಮೂವರೂ ಯೋಚಿಸಿ ಯೋಚಿಸಿ ನಕ್ಕರು. ತಾತನ ಮೇಲೆ ಪ್ರೀತಿ ಹುಟ್ಟಿದ್ದು ಅವನಿಗೆ ಅದೇ ಮೊದಲು.

ಊಟವಾದ ಮೇಲೆ ಕಾಂತೇಶನೇ ಕೈ ನೀಡಿ ಮೇಷ್ಟ್ರ ಕನ್ನಡಕ ಇಸಿದುಕೊಂಡ. ದಾರ ಬಿಚ್ಚಿ, ಸ್ಕ್ರೂ ಹಾಕಿ, ಮೂಗಿನ ಮೇಲೆ ಕೂರಿಸಿ, ಎರಡು ಸಲ ಬಗ್ಗಿಸಿ ಸರಿಮಾಡಿದ. ಮೇಷ್ಟ್ರು ಕಣ್ಣು ಮಿಟುಕಿಸಿದರು. ಆಮೇಲೆ ಇನ್ನು ತಡೆಯಲಾರೆ ಅನ್ನುವ ಹಾಗೆ ಕುರ್ಚಿಯ ಕಡೆ ತಿರುಗಿದರು. ಮುಟ್ಟುವ ಮುಂಚೆ, ನೋಡ್ಬೋದಾ, ಎಂದು ಕೇಳಿದರು. ಎಷ್ಟು ಬರುತ್ತೆ ಎನ್ನಲು ಬಂದವನಿಗೆ ಆ ಪ್ರಶ್ನೆ ಈಗ ಬಾಯಲ್ಲಿ ಸಿಕ್ಕಿಕೊಂಡ ನಾರಿನ ಹಾಗಿತ್ತು. ಚಿರಂಜೀವಿ, ಹೋಂಸ್ಟೇ, ಭಾನುವಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಇದನ್ನೂ ಮಾರುವುದಕ್ಕೇ ಬಂದೆ, ಬೀಟೆ ಅಂತ ನಿಮ್ಮ ಬಾಯಿಂದ ಒಂದು ಮಾತು ಬೇಕಿತ್ತು, ಎಂದ. ಮೇಷ್ಟ್ರು ಆಗಲೇ ಕೇಳುತ್ತಿರಲಿಲ್ಲ. ಕೈಗಳನ್ನು ಸವರಿದರು. ಮೂಸಿದರು. ಎತ್ತಿ ಭಾರ ನೋಡಿ ಹುಬ್ಬು ಗಂಟಿಕ್ಕಿದರು. ಕೊನೆಗೆ ಕುರ್ಚಿಯನ್ನು ಬೋರಲು ಹಾಕಿ, ಕಾಲಿನ ತಳಕ್ಕೆ ಎಂಜಲು ಹಚ್ಚಿ ಉಜ್ಜಿ, ಕನ್ನಡಕ ಒತ್ತಿಕೊಂಡು ಬಗ್ಗಿದರು. ಬಹಳ ಹೊತ್ತು ಏಳಲೇ ಇಲ್ಲ.

'ಬಾ ಇಲ್ಲಿ. ಮರ ಕೊಯ್ದ್ರೆ ಏನು ಕಾಣ್ತದೆ?'

ಸುತ್ತುಗಳು, ಎಂದ ಕಾಂತೇಶ, ಶಾಲೆಯ ಹುಡುಗನ ಹಾಗೆ. ವರ್ಷಕ್ಕೊಂದು ಸುತ್ತು.

'ಇಲ್ಲೆಲ್ಲೈತೆ ಸುತ್ತು?'

ಇರಲಿಲ್ಲ. ಕಾಲಿನ ತಳದ ತುಂಬ ಚುಕ್ಕೆ. ರಾಗಿ ಚೆಲ್ಲಿದ ಹಾಗೆ, ಒತ್ತೊತ್ತಾಗಿ, ಕಪ್ಪು ಚುಕ್ಕೆ. ಹಾಗಾದರೆ ಬೀಟೆ ಅಲ್ಲ. ಕಂಡಕ್ಟರಿಗೂ ಬೀಟೆ ಎಂದಿದ್ದ, ಗುಂಪಿನ ನಲವತ್ತು ಜನಕ್ಕೂ ಬೀಟೆ ಎಂದಿದ್ದ. ತೇಗವೇ, ಹಲಸೇ, ಮತ್ತಿಯೇ ಎಂದು ಒಂದೊಂದೇ ಕೇಳಿದ. ಮೇಷ್ಟ್ರು ಪ್ರತಿಯೊಂದಕ್ಕೂ ತಲೆಯಾಡಿಸುತ್ತ, ತುಟಿ ಬಿಗಿಹಿಡಿದು ನಗುವನ್ನು ತಡೆಯುತ್ತಿದ್ದರು.

'ಎದ್ದು ನಿಂತ್ಕೊಂಡು ಸುತ್ತ ನೋಡು,' ಎಂದರು.

ಅವನು ಎದ್ದು ನಿಂತು ಸುತ್ತ ನೋಡಿದ. ಏನಿದೆ ನೋಡುವುದಕ್ಕೆ? ಏನೂ ಇರಲಿಲ್ಲ. ತೋಟ. ಎಡಕ್ಕೆ ಮರ, ಬಲಕ್ಕೆ ಮರ, ಹಿಂದೆ ಕಣ್ಣು ಹೋಗುವ ತನಕ ಬೂದು ಬಣ್ಣದ ಕಾಂಡಗಳು, ಬಸ್ಸಿನಲ್ಲಿ ಉದ್ದಕ್ಕೂ ಹಿಂದಕ್ಕೆ ಹೋದವು, ತಲೆಯ ಮೇಲೆ ಮಳೆಯ ಸದ್ದು ಮಾಡಿದವು, ಹುಟ್ಟಿದಂದಿನಿಂದ ಕಣ್ಣಿನ ಮುಂದೆ ನಿಂತೇ ಇದ್ದವು. ಅವನ ಬಾಯಿ ತಾನಾಗಿ ತೆರೆಯಿತು.

'ತೆಂಗಾ?'

'ತೆಂಗು ಕಣ್ಲಾ,' ಎಂದರು ಮೇಷ್ಟ್ರು, ಮರ್ಯಾದೆಯ ಮಾತೆಲ್ಲ ಖುಷಿಯಲ್ಲಿ ಮರೆತು. ತುಂಬ ಹಳೆಯ ಮರದ ಹೊರಮೈ, ಬುಡದ ಕಡೆಯದು, ಕಬ್ಬಿಣದಂಥದು. ಉಳಿಯ ಬಾಯಿ ಮುರಿಯುತ್ತದೆ, ಹತ್ತರಿ ಹೊಡೆದರೆ ನಾರು ಏಳುತ್ತದೆ, ಯಾವ ಆಚಾರಿಯೂ ಮುಟ್ಟುವುದಿಲ್ಲ. ಈ ಸೀಮೆಯಲ್ಲಿ ತೊಲೆಗೆ ಹಾಕುತ್ತಾರೆ, ಕಾಲುವೆಗೆ ಅಡ್ಡ ಹಾಕಿ ದಾಟುತ್ತಾರೆ. ತೆಂಗಿನಲ್ಲಿ ಕುರ್ಚಿ ಮಾಡಿದವನನ್ನು ಅವರು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಯಾವನೋ ಒಬ್ಬ ಹುಚ್ಚ, ಆಗಲ್ಲ ಎಂದು ನಾಲ್ಕು ಜನ ಅಂದದ್ದಕ್ಕೇ ಕೂತು ಮಾಡಿದ್ದಾನೆ. ನೋಡು, ಈ ಕೈಯ ತಿರುವಿನಲ್ಲಿ ಅವನಿಗೆ ಸಿಟ್ಟು ಬಂದಿದೆ, ಇಲ್ಲಿ ಸಮಾಧಾನವಾಗಿದೆ, ಎಂದು ಬೆರಳಿಟ್ಟು ತೋರಿಸಿದರು. ತೆಂಗಿನ ಸೀಮೆಯವನು ತೆಂಗನ್ನು ಗುರುತು ಹಿಡಿಯಲಿಲ್ಲವಲ್ಲ ಎಂದು ಕಾಂತೇಶ ನಾಚಿದರೆ, ನಾನು ಮಾತ್ರ ಹಿಡಿದೆನಾ, ಮುಖ ನೋಡಿ ನಾನೂ ಬೀಟೆ ಅಂದುಕೊಂಡೆ, ಕಾಲು ನೋಡಿದ ಮೇಲೆ ಗೊತ್ತಾಯ್ತು, ಎಂದರು. ಮಾರ್ಕೆಟ್ಟಿನಲ್ಲಿ ಇದಕ್ಕೆ ಏನೂ ಇಲ್ಲ, ಬೀಟೆ ಅಂತ ಬಂದವರು ಬರಿಗೈಲಿ ಹೋಗುತ್ತಾರೆ, ಬೇಜಾರು ಮಾಡಿಕೊಳ್ಳಬೇಡ, ಎಂದರು. ಬೇಜಾರು ಎಲ್ಲಿದೆ ಎಂದು ಕಾಂತೇಶ ತನ್ನೊಳಗೆ ಹುಡುಕಿದ. ಸಿಗಲಿಲ್ಲ.

ಇಲ್ಲೇ ಇರಲಿ, ಇಟ್ಟುಕೊಳ್ಳಿ, ಎಂದ. ಮೇಷ್ಟ್ರು ಒಪ್ಪಲಿಲ್ಲ. ನೋಡಿದ್ದಾಯಿತಲ್ಲ, ಎಂದರು. ಆದರೆ ಹಿಂದಕ್ಕೂ ಸರಿಯದೆ, ಬನಿಯನ್ನಿನ ಅಂಚು ಎಳೆದುಕೊಳ್ಳುತ್ತ ನಿಂತರು. ಅದು ಮೇಷ್ಟ್ರು ನಿಲ್ಲುವ ರೀತಿಯಾಗಿರಲಿಲ್ಲ, ಏನೋ ಕೇಳಲು ನಾಚುವ ಹುಡುಗನದಾಗಿತ್ತು.

'ಒಂದ್ ಗಳಿಗೆ ಕೂತ್ಕೊಬೋದಾ?'

ಕೂತರು. ಬೆನ್ನು ಒರಗಿಸಿ, ಕೈಗಳ ಮೇಲೆ ಕೈಯಿಟ್ಟು, ಸರಿಯಾದ ಕನ್ನಡಕದಲ್ಲಿ ತೋಟ ನೋಡುತ್ತ, ಗಂಗಕ್ಕ ಕಾಫಿ ತಂದು ಇದು ಕೊನೆಯದು ಎಂದು ಕೊಟ್ಟದ್ದನ್ನು ಕುಡಿಯುತ್ತ, ಮೂರೂವರೆ ಬಸ್ಸಿನ ಹೊತ್ತಿನ ತನಕ ಕೂತಿದ್ದರು. ರಸ್ತೆಯ ತನಕ ಕುರ್ಚಿಯ ಒಂದು ಕೈಯನ್ನು ಅವರೂ ಹಿಡಿದರು. ಬಸ್ಸಿಗೆ ಹತ್ತಿಸುವಾಗ, ಆಮೇಲೆ ಏನಾಯ್ತು ಅಂತ ಒಂದು ಫೋನ್ ಮಾಡು, ಅಷ್ಟೇ, ಎಂದರು.

ಬಸ್ಸು ತುಂಬಿತ್ತು. ಕಂಡಕ್ಟರು ಅವನೇ. ಕುರ್ಚಿಯನ್ನು ನಡುದಾರಿಯಲ್ಲಿ ಇಟ್ಟದ್ದೇ ತಡ, ಬುಟ್ಟಿ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಯಾರನ್ನೂ ಕೇಳದೆ ಅದರ ಮೇಲೆ ಕೂತು, ನಂಗೂ ಫ್ರೀ, ಕುರ್ಚಿಗೂ ಫ್ರೀ ಮಾಡಪ್ಪ, ಎಂದಳು. ಬೀಟೆ ಕುರ್ಚಿ ಅಜ್ಜಿ, ಹುಷಾರು, ಎಂದ ಕಂಡಕ್ಟರು. ಬೀಟೆ ಅಲ್ಲ, ತೆಂಗು, ಎಂದ ಕಾಂತೇಶ, ಎಲ್ಲರಿಗೂ ಕೇಳುವ ಹಾಗೆ. ಯಾರೂ ನಂಬಲಿಲ್ಲ. ಅಜ್ಜಿಯನ್ನು ಎಬ್ಬಿಸಿ, ಕುರ್ಚಿಯನ್ನು ಮಗುಚಿ, ಎಂಜಲು ಹಚ್ಚಿ ಉಜ್ಜಿ ಕಾಲು ತೋರಿಸಿದ. ತಲೆಗಳು ಬಗ್ಗಿದವು. ಬೆರಳುಗಳು ಚುಕ್ಕೆಗಳನ್ನು ಮುಟ್ಟಿದವು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಲೆಯೆತ್ತಿ ಕಿಟಕಿಯ ಹೊರಗೆ ನೋಡಿದರು.

'ಕಾಯಿ ಮೂಟೆಗೆ ರೇಟೈತೆ, ಎಳನೀರಿಗೈತೆ,' ಎಂದ ಕಂಡಕ್ಟರು ಕೊನೆಗೆ, ಮೆಷಿನ್ನು ಕೈಯಲ್ಲಿ ಹಿಡಿದುಕೊಂಡು. 'ತೆಂಗಿನ ಕುರ್ಚಿಗೆ ಏನಂತ ಹಾಕ್ಲಿ ಸಾ?'

ಕಾಂತೇಶ ಫೋನ್ ತೆಗೆದ. ಬಸ್ಸು ಇನ್ನೂ ಬಿಳಿಗೆರೆಯ ತಿರುವನ್ನೂ ದಾಟಿರಲಿಲ್ಲ. ನಮಸ್ಕಾರ ಮೇಷ್ಟ್ರೇ, ಎಂದ. ಏನಾಯ್ತು ಅಂದ್ರೆ, ಎಂದು ಶುರುಮಾಡಿದ. ತಾಳಪ್ಪ, ಇವಳೂ ಕೇಳ್ಲಿ, ಎಂದರು ಮೇಷ್ಟ್ರು. ಆ ಕಡೆಯಿಂದ ನೆಲದ ಮೇಲೆ ಬೀಜಗಳು ಉರುಳಿದ ಸದ್ದು ಬಂತು. ಎಷ್ಟು ಬಿತ್ತು ಎಂದು ಗಂಗಕ್ಕ ಹೇಳುವ ತನಕ ಅವನು, ಸುತ್ತ ನಿಂತವರ ಮುಖಗಳನ್ನು ನೋಡಿ ನಗುತ್ತ, ಕಾದ.